ಮೂರನೇ ನಂಬರಿನ ಹಣ್ಣು

ಅವ್ವನ ಕನ್ನಡಕದ ಡಬ್ಬಿ ಈಗ ನನ್ನ ಹತ್ತಿರ ಇದೆ. ಕನ್ನಡಕ ಯಾರ ಉಪಯೋಗಕ್ಕೂ ಬರುವಂಥದ್ದಲ್ಲ. ಡಬ್ಬಿ ಮಾತ್ರ ಗಟ್ಟಿ ಇದೆ ಎಂದು ಅದರಲ್ಲಿ ಸೂಜಿ, ದಾರದ ಉಂಡೆ, ಯಾವ ಅಂಗಿಗೂ ಹೊಂದದ ಒಂದಿಷ್ಟು ಗುಂಡಿ ಹಾಕಿಟ್ಟಿದ್ದೇನೆ. ಮುಚ್ಚಳದ ಮೇಲೆ ಉಗುರಿನಷ್ಟು ಅಗಲದ ಒಂದು ಸ್ಟಿಕರ್ ಅಂಟಿಕೊಂಡಿದೆ. ಪರದೇಶದ ಕಿತ್ತಳೆಹಣ್ಣಿನ ಮೇಲೆ ಬರುತ್ತದಲ್ಲ, ಅಂಥದ್ದು. ಬಣ್ಣ ಮಾಸಿದ್ದರೂ ಈಜಿಪ್ತ್ ಎಂಬ ಇಂಗ್ಲಿಷ್ ಅಕ್ಷರಗಳು ಇನ್ನೂ ಓದಲು ಬರುತ್ತವೆ.

ಮೊನ್ನೆ ಮನೆಗೆಲಸಕ್ಕೆ ಬರುವ ರೇಣುಕಾ ಆ ಡಬ್ಬಿ ಒರೆಸುತ್ತ, "ಟೀಚರ್ರ, ಇದನ್ನ ಕಿತ್ತ ಒಗೀಲೇನ್ರಿ? ಹೊಲಸ ಕಾಣತೈತಿ" ಎಂದಳು.

"ಅದನ್ನ ಮುಟ್ಟಬ್ಯಾಡ!" ಎಂದೆ. ಬೇಕಾದದ್ದಕ್ಕಿಂತ ಜೋರಾಗಿಯೇ ಎಂದೆ. ಧಾರವಾಡದ ಕೆಲಗೇರಿ ಕೆರೆಯ ಈ ಕಡೆಯ ಓಣಿಯಲ್ಲೆಲ್ಲ ನಾನು ಸಿಟ್ಟಿನ ಟೀಚರ್ ಎಂದೇ ಹೆಸರುವಾಸಿ. ನಿವೃತ್ತಿಯಾದ ಮೇಲೆ ಬಯ್ಯಲು ಮಕ್ಕಳು ಸಿಗದೆ, ಹಾಲಿನವನಿಂದ ಹಿಡಿದು ಕೆರೆಗೆ ವಾಕಿಂಗ್ ಬರುವವರ ತನಕ ಎಲ್ಲರಿಗೂ ಹಂಚುತ್ತಿದ್ದೇನೆ. ರೇಣುಕಾ ಬೇಜಾರು ಮಾಡಿಕೊಳ್ಳಲಿಲ್ಲ, ಡಬ್ಬಿ ಇಟ್ಟು ಪೊರಕೆ ತೆಗೆದುಕೊಂಡಳು.

ಒಂದು ಸ್ಟಿಕರಿಗೆ ಇಷ್ಟು ಸಿಟ್ಟೇಕೆ ಎಂದು ನೀವು ಕೇಳಿದರೆ ನಾನು ದುಬೈ ತನಕ ಹೋಗಿ ಬರಬೇಕಾಗುತ್ತದೆ. ಗಾಬರಿಯಾಗಬೇಡಿ, ನಾನು ಖುದ್ದಾಗಿ ಪುಣೆ ದಾಟಿದವಳಲ್ಲ. ದಾಟಿದ್ದು ನಮ್ಮ ಮನೆಯ ಲಿಂಬೆಹಣ್ಣು.

ಅಪ್ಪ ಹಳೇಹುಬ್ಬಳ್ಳಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರಿ. ವಿಜಾಪುರದ ಕಡೆಯಿಂದ ಹಣ್ಣು ಚೀಲಗಟ್ಟಲೆ ಲಾರಿಯಲ್ಲಿ ಬಂದು ನಮ್ಮ ಹಿತ್ತಲ ತಗಡಿನ ಶೆಡ್ಡಿನಲ್ಲಿ ಬೀಳುತ್ತಿತ್ತು. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಆರಿಸುತ್ತಿದ್ದರು. ಆರಿಸಿದ ಹಣ್ಣು ಮುಂಬೈಗೆ, ಅಲ್ಲಿಂದ ಹಡಗು ಹತ್ತಿ ದುಬೈಗೆ. ದುಬೈ ಎಂದರೆ ಅಪ್ಪನಿಗೆ ಒಂದು ಊರಲ್ಲ, ಒಂದು ಬುಟ್ಟಿ. ಆರಿಸುವವಳ ಬಲಗಡೆ ಇಟ್ಟ ಬುಟ್ಟಿ ದುಬೈ, ಎದುರಿಗಿನದು ಪೇಟೆ, ಇನ್ನು ಕಲೆ ಬಿದ್ದದ್ದು, ಕಜ್ಜಿ ಹತ್ತಿದ್ದು, ಸಿಪ್ಪೆ ಸುಕ್ಕಾದದ್ದು ಇದ್ದರೆ ಅದಕ್ಕೆ ಬುಟ್ಟಿಯೇ ಇಲ್ಲ, ಅವರವರ ಉಡಿ. ಸಂಜೆ ಏಳುವಾಗ ಸೆರಗು ಕೂಡಿಸಿ ಎತ್ತಿಕೊಂಡು ಮನೆಗೆ ಒಯ್ಯಬೇಕು.

"ಒಂದನೇ ನಂಬರ್ ದುಬೈಕ್ಕ, ಎರಡನೇ ನಂಬರ್ ಪ್ಯಾಟಿಗೆ, ಮೂರನೇ ನಂಬರ್ ಮನಿಗೆ" ಎಂದು ಅಪ್ಪ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ ಒಮ್ಮೆ ಹೇಳುತ್ತಿದ್ದ. ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಹೇಳುತ್ತಿದ್ದ, ಪೂಜೆಗೆ ಮುಂಚೆ ಗಂಟೆ ಬಾರಿಸಿದ ಹಾಗೆ.

ಹಣ್ಣಿನ ಗಾತ್ರ ನೋಡಲು ಒಂದು ಹಿತ್ತಾಳೆಯ ಕಡಗ ಇತ್ತು. ಅದು ನಾನು ಕೂಸಾಗಿದ್ದಾಗ ನನ್ನ ಕೈಯಲ್ಲಿದ್ದದ್ದು. ಕಡಗದಲ್ಲಿ ತೂರಿ ಕೆಳಗೆ ಬಿದ್ದರೆ ಸಣ್ಣದು, ಸಿಕ್ಕಿಕೊಂಡು ನಿಂತರೆ ದುಬೈಗೆ ಯೋಗ್ಯ. ಹಣ್ಣು ಒರೆಸಲು ಅವ್ವನ ಹಳೆಯ ಇಳಕಲ್ ಸೀರೆಗಳನ್ನು ಹರಿದು ಇಟ್ಟಿರುತ್ತಿದ್ದರು, ತೊಳೆದೂ ತೊಳೆದೂ ಅವು ಬೆಣ್ಣೆಯಂತಾಗಿರುತ್ತಿದ್ದವು. ಹೊಸ ಬಟ್ಟೆಯಲ್ಲಿ ಒರೆಸಿದರೆ ಹಣ್ಣಿಗೆ ಗೀರು ಬೀಳುತ್ತದೆ ಎಂದು ಅಪ್ಪನ ವಾದ. ಅವ್ವನಿಗೆ ಹೊಸ ಸೀರೆ ಯಾವಾಗ ಬರುತ್ತದೆ ಎಂಬುದು ಒರೆಸುವ ಬಟ್ಟೆ ಯಾವಾಗ ತೀರುತ್ತದೆ ಎಂಬುದರ ಮೇಲೆ ನಿಂತಿತ್ತು ಎಂದು ನನಗೆ ಈಗಲೂ ಗುಮಾನಿ.

ಅವ್ವನೂ ಆ ಸಾಲಿನಲ್ಲಿ ಕೂಡುತ್ತಿದ್ದಳು. ಸಾವಕಾರನ ಹೆಂಡತಿಯಾದ್ದರಿಂದ ಪಗಾರ ಇಲ್ಲ, ಉಡಿ ಮಾತ್ರ ಇತ್ತು. ಅವಳ ಹೆಬ್ಬೆರಳಿಗೆ ಕಣ್ಣಿತ್ತು. ಹಣ್ಣನ್ನು ಅಂಗೈಯಲ್ಲಿ ಒಂದು ಸುತ್ತು ಹೊರಳಿಸಿದರೆ ಸಾಕು, ಸಾಸಿವೆಯಷ್ಟು ಕಲೆಯೂ ಬೆರಳಿಗೆ ತಾಗುತ್ತಿತ್ತು. ಹಾಗೆ ಹೊರಳಿಸಿ ಬಲಕ್ಕೆ, ಎದುರಿಗೆ, ಉಡಿಗೆ. ನಮ್ಮ ಜೊತೆ ಮಾತಾಡುತ್ತಿದ್ದರೂ, ತಂಗಾಳಿಗೆ ತೂಕಡಿಸುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ.

ಹೀಗಾಗಿ ಲಿಂಬೆಹಣ್ಣಿಗೆ ಹುಟ್ಟುತ್ತಲೇ ಕಲೆ ಇರುತ್ತದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ನಮ್ಮ ಅವಲಕ್ಕಿಗೆ ಹಿಂಡಿದ್ದು, ನಮ್ಮ ಉಪ್ಪಿನಕಾಯಿಯಲ್ಲಿ ಕುಳಿತದ್ದು, ಜ್ವರ ಬಂದಾಗ ಪಾನಕವಾದದ್ದು ಎಲ್ಲವೂ ಮೂರನೇ ನಂಬರು. ಸಾಲೆಯಲ್ಲಿ ಲಿಂಬೆಹಣ್ಣಿನ ಚಿತ್ರ ಬರೆಯಿರಿ ಎಂದಾಗ ನಾನು ಅದಕ್ಕೆ ಕಪ್ಪು ಚುಕ್ಕೆ ಹಾಕಿದ್ದೆ. ಮಾಸ್ತರು ಅದನ್ನು ಪೇರಲ ಎಂದುಕೊಂಡರೂ ಅಂಕ ಕೊಟ್ಟರು.

ಅಪ್ಪ ತಾನು ಮಾತ್ರ ಒಳ್ಳೆಯದನ್ನು ತಿಂದು ನಮಗೆ ಕಲೆಯದನ್ನು ಕೊಟ್ಟಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಬಾಯ್ತುಂಬ ಬಯ್ಯಬಹುದಿತ್ತು. ಅವನೂ ಮೂರನೇ ನಂಬರನ್ನೇ ತಿಂದ. ಅದೇ ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸುವುದು. ಕೇಳಿದರೆ, "ಮನಿ ಮಂದಿಗೆ ಛಲೋ ಹಣ್ಣ ಯಾಕಬೇಕ? ಒಳಗಿನ ರಸ ಎಲ್ಲಾದರಾಗೂ ಒಂದಽ. ನಾವು ಕಳಿಸಿದ್ರ ದೇಶಕ್ಕ ಡಾಲರ್ ಬರತಾವು" ಎನ್ನುತ್ತಿದ್ದ. ಓಣಿಯವರು ಅವನನ್ನು ಡಾಲರ್ ಸಾವಕಾರ್ರು ಎಂದು ಕರೆಯುತ್ತಿದ್ದರು. ಅದು ಚೇಷ್ಟೆ ಎಂದು ಅಪ್ಪನಿಗೆ ಕೊನೆತನಕ ಹೊಳೆಯಲಿಲ್ಲ.

ಆರಿಸುವ ಹೆಂಗಸರಲ್ಲಿ ಹಸೀನಾಬಿ ಅಂತ ಒಬ್ಬಳಿದ್ದಳು. ಅವಳ ಗಂಡ ದುಬೈಯಲ್ಲಿ ಯಾವುದೋ ಹೋಟೆಲಿನ ಅಡಿಗೆಮನೆಯಲ್ಲಿದ್ದ. "ನಿನ್ನ ಗಂಡಗರ ನಮ್ಮ ಹಣ್ಣ ಸಿಗತೈತೇನ?" ಎಂದು ಅವ್ವ ಒಮ್ಮೆ ಕೇಳಿದಳು. "ಸಿಗತೈತಿ ಬಿಡ್ರಿ ಅಕ್ಕಾರ. ದಿನಾ ಹಿಂಡ್ತಾನ. ಹಿಂಡಿ ಹಿಂಡಿ ಬೆರಳ ಸುಲದಾವಂತ. ಕುಡಿಯಾವ್ರು ಬ್ಯಾರೇನಽ ಅದಾರು" ಎಂದು ನಕ್ಕಳು ಹಸೀನಾಬಿ. ಅವ್ವ ನಗಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಬಲಗಡೆಯ ಬುಟ್ಟಿಗೆ ಹಾಕಿದಳು.

ಒಮ್ಮೆ ಮುಂಬೈಯಿಂದ ಹಡಗಿಗೆ ಮಾಲು ಹತ್ತಿಸುವ ದೊಡ್ಡ ಸಾವಕಾರ ನಮ್ಮ ಮನೆಗೆ ಊಟಕ್ಕೆ ಬಂದ. ಅಪ್ಪ ಆಗಸ್ಟ್ ಹದಿನೈದಕ್ಕೆಂದು ಇಟ್ಟಿದ್ದ ಗರಗ ಊರಿನ ಖಾದಿ ಅಂಗಿ ಹಾಕಿಕೊಂಡಿದ್ದ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಎಲ್ಲ ಆದ ಮೇಲೆ ಅನ್ನಕ್ಕೆ ಸಾರು ಬಡಿಸುವಾಗ ಅಪ್ಪ ಒಳಗೆ ಬಂದು ಪಿಸುಗುಟ್ಟಿದ: "ಲಿಂಬಿಹಣ್ಣ ಹೆಚ್ಚಿ ಕೊಡು. ಮನ್ಯಾನದ್ದು ಬ್ಯಾಡ, ಒಂದನೇ ನಂಬರದ್ದು ತಗೋ."

ಅವ್ವ ಶೆಡ್ಡಿಗೆ ಹೋಗಿ ಒಂದು ಹಣ್ಣು ತಂದಳು. ಈಳಿಗೆಮಣೆಯ ಮುಂದೆ ಕುಳಿತು ಅದನ್ನು ಒಂದು ಕ್ಷಣ ಕೈಯಲ್ಲಿ ಹಿಡಿದೇ ಇದ್ದಳು. ದಿನಕ್ಕೆ ಅಂಥ ಎಷ್ಟೋ ಹಣ್ಣನ್ನು ಮುಟ್ಟುವ ಕೈ ಅದು, ಆದರೆ ಹೆಚ್ಚಿದ್ದು ಅದೇ ಮೊದಲು. ಹೆಚ್ಚಿ, ಹೋಳುಗಳನ್ನು ತಟ್ಟೆಯಲ್ಲಿಟ್ಟು ಹೊರಗೆ ಕಳಿಸಿದ ಮೇಲೆ ತನ್ನ ಬೆರಳನ್ನು ಮೂಗಿಗೆ ಹಿಡಿದುಕೊಂಡಳು. ಆಮೇಲೆ ನಾನು ನೋಡುತ್ತಿದ್ದೇನೆಂದು ತಿಳಿದು ಸೆರಗಿಗೆ ಕೈ ಒರೆಸಿ, "ಏನ ನೋಡತಿ? ಹೋಗು, ನೀರ ಕೊಡು ಅವರಿಗೆ" ಎಂದು ಗದರಿದಳು.

ಹೊರಗೆ ಆ ಮುಂಬೈ ಸಾವಕಾರ ಹೋಳನ್ನು ಹಿಂಡಿ, ಸಿಪ್ಪೆಯನ್ನು ಎಲೆಯ ತುದಿಗೆ ಎಸೆದು, ಹಡಗಿನ ಬಾಡಿಗೆಯ ವಿಷಯ ಮಾತಾಡುತ್ತಿದ್ದ. ಹಣ್ಣು ಹೇಗಿದೆ ಎಂದು ಅವನು ಒಂದು ಮಾತೂ ಹೇಳಲಿಲ್ಲ. ನಾನು ನೀರಿನ ತಂಬಿಗೆಯನ್ನು ಅವನ ತಲೆಯ ಮೇಲೆ ಸುರಿಯಲಿಲ್ಲ ಎನ್ನುವುದು ನನ್ನ ಜೀವನದ ದೊಡ್ಡ ಸಂಯಮ. ಅವತ್ತೇ ನಾನು ಒಂದು ಹಟ ಹಿಡಿದೆ. ಅವ್ವನಿಗೆ ಒಂದನೇ ನಂಬರಿನ ಹಣ್ಣು ತಿನ್ನಿಸಬೇಕು. ಒಂದೇ ಒಂದು ಸಾಕು, ಆದರೆ ಇಡಿಯಾಗಿ, ಅವಳೊಬ್ಬಳೇ ತಿನ್ನಬೇಕು.

ಅದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು.

ಒಮ್ಮೆ ದೇವರೇ ದಾರಿ ಮಾಡಿಕೊಟ್ಟ ಎಂದುಕೊಂಡೆ. ಹಡಗು ತಡವಾಗಿ, ಬಂದರಿನಲ್ಲಿ ಬಿದ್ದಿದ್ದ ಮಾಲಿನಲ್ಲಿ ಒಂದಿಷ್ಟು ಪೆಟ್ಟಿಗೆ ನಮ್ಮ ಲಾರಿಯಲ್ಲೇ ಹಿಂದಿರುಗಿ ಬಂದವು. ಅಣ್ಣ ಮತ್ತು ನಾನು ಕುಣಿದೇ ಕುಣಿದೆವು, ಒಂದನೇ ನಂಬರು ಮನೆಗೆ ಬಂತು! ಅಪ್ಪ ಮಾತ್ರ ಕಟ್ಟೆಯ ಮೇಲೆ ಕುಳಿತೇ ಇದ್ದ. ಪೆಟ್ಟಿಗೆ ತೆಗೆದರೆ ಹಣ್ಣಿಗೆ ಬೂಷ್ಟು ಹಿಡಿದು, ಮುಟ್ಟಿದಲ್ಲಿ ಬೆರಳು ಒಳಗೆ ಹೋಗುತ್ತಿತ್ತು. ಅವ್ವ ಉಳಿಯುವಂಥದ್ದನ್ನು ಆರಿಸಿ ತೊಳೆದು ಉಪ್ಪಿನಕಾಯಿ ಹಾಕಿದಳು. ಬಂದ ನೆಂಟರಿಗೆಲ್ಲ "ದುಬೈ ಉಪ್ಪಿನಕಾಯಿ ರಿ" ಎಂದು ಬಡಿಸಿದಳು. ಕಹಿ, ಅಂಥ ಕಹಿ ನಾನು ತಿಂದಿಲ್ಲ. ಒಳ್ಳೆಯದು ನಮ್ಮ ಮನೆಗೆ ಬರುವುದು ಕೆಟ್ಟ ಮೇಲೆಯೇ ಎಂದು ಅವತ್ತು ಕಲಿತೆ.

ಮುಂದೆ ನಾನು ಧಾರವಾಡದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳದ ಟೀಚರಾದೆ. ಹಣೆಬರಹ ನೋಡಿ, ನಾನು ಕಲಿಸಬೇಕಾದ ಪಾಠ "ನಮ್ಮ ವಿದೇಶಿ ವ್ಯಾಪಾರ". ದೇಶದ ಅಗತ್ಯ ಪೂರೈಸಿ ಮಿಕ್ಕದ್ದನ್ನು ಹೊರದೇಶಕ್ಕೆ ಕಳಿಸುವುದೇ ರಫ್ತು ಎಂದು ಬೋರ್ಡಿನ ಮೇಲೆ ವರ್ಷವರ್ಷವೂ ಬರೆದೆ. ಚಹಾ, ಮಸಾಲೆ, ಹತ್ತಿ, ಲಿಂಬೆ-ಕಿತ್ತಳೆ ಜಾತಿಯ ಹಣ್ಣು, ಇವುಗಳಿಂದ ವಿದೇಶಿ ವಿನಿಮಯ ಬರುತ್ತದೆ. ಬರೆಯುವಾಗ ಪ್ರತಿ ಸಲವೂ "ಮಿಕ್ಕದ್ದನ್ನು" ಎಂಬಲ್ಲಿ ಸೀಮೆಸುಣ್ಣ ಮುರಿಯುತ್ತಿತ್ತು. ನಮ್ಮ ಮನೆಯಲ್ಲಂತೂ ಮಿಕ್ಕದ್ದು ಕಳಿಸುವುದಾಗಿರಲಿಲ್ಲ, ಕಳಿಸಿ ಮಿಕ್ಕದ್ದು ನಮ್ಮದಾಗಿತ್ತು. ನಿಮ್ಮ ಅಗತ್ಯ ಏನು ಎಂದು ಅವ್ವನನ್ನು ಯಾರೂ ಕೇಳಿರಲಿಲ್ಲ.

ಒಂದು ವರ್ಷ ಪರೀಕ್ಷೆಯಲ್ಲಿ, ಹುಳಿಹಣ್ಣುಗಳು ನಮ್ಮ ವಿದೇಶಿ ವ್ಯಾಪಾರಕ್ಕೆ ಏಕೆ ಮುಖ್ಯ ಎಂಬ ಪ್ರಶ್ನೆಗೆ ಒಬ್ಬ ಹುಡುಗಿ "ಏಕೆಂದರೆ ನಾವು ತಿನ್ನುವುದಿಲ್ಲ" ಎಂದು ಒಂದೇ ಸಾಲು ಬರೆದಿದ್ದಳು. ಅವಳನ್ನು ಕರೆದು, "ಯಾರ ಹೇಳಿಕೊಟ್ರ ಇದನ್ನ ನಿನಗ?" ಎಂದು ಕೇಳಿದೆ. "ಯಾರೂ ಇಲ್ಲರಿ ಟೀಚರ. ಓದಿದ್ದಿಲ್ಲರಿ, ತಿಳದದ್ದ ಬರದೆ" ಎಂದಳು. ಪಾಠಪುಸ್ತಕದ ಪ್ರಕಾರ ಅದಕ್ಕೆ ಸೊನ್ನೆ. ನಾನು ಪೂರ್ತಿ ಅಂಕ ಕೊಟ್ಟೆ. ಹೆಡ್‌ಮಾಸ್ತರರು ಕರೆಸಿ ಕೇಳಿದಾಗ, ಕಣ್ತಪ್ಪಾಯಿತು ಎಂದೆ.

ನೌಕರಿ ಸಿಕ್ಕ ಮೊದಲ ತಿಂಗಳು ಹುಬ್ಬಳ್ಳಿಗೆ ಹೋಗುವಾಗ, ಇಡೀ ಲಿಂಬೆಯನ್ನು ಯಾರೂ ತಿನ್ನುವುದಿಲ್ಲವೆಂದು, ನಾಗಪುರದ ಕಿತ್ತಳೆ ತೆಗೆದುಕೊಂಡು ಹೋದೆ. ಒಂದೊಂದನ್ನೂ ಹೊರಳಿಸಿ ನೋಡಿ, ಅಂಗಡಿಯವ "ಅಕ್ಕಾರ, ಹೆಣ್ಣ ನೋಡಾಕ ಬಂದೀರೋ ಹಣ್ಣ ತಗೊಳ್ಳಾಕೋ?" ಎಂದು ಕೇಳುವಷ್ಟು ಹೊತ್ತು ಆರಿಸಿದ್ದೆ. ಅವ್ವ ಬಹಳ ಖುಷಿಪಟ್ಟಳು. ಎರಡು ಹಣ್ಣು ದೇವರ ಜಗಲಿಯ ಮೇಲೆ ಲಿಂಗದ ಮುಂದಿಟ್ಟಳು. ಸಂಜೆ ಭಿಕ್ಷೆಗೆ ಜಂಗಮ ಅಯ್ಯಗಳು ಬಂದರು, ಅವರ ಜೋಳಿಗೆಗೆ ಎರಡು ಹೋದವು. ಅಣ್ಣನ ಮಕ್ಕಳಿಗೆ, ಬಾಜೂಮನೆಯ ಬಾಣಂತಿಗೆ, ಅಪ್ಪನಿಗೆ. ಬಸ್ಸಿನಲ್ಲಿ ನುಗ್ಗಾಗಿದ್ದ ಒಂದನ್ನು ಅವ್ವ ಬಾಗಿಲ ಹಿಂದೆ ನಿಂತು ತಿಂದಳು. "ಇದಽ ಛಲೋ ಐತಿ ತಂಗಿ. ಕಲಿ ಬಿದ್ದದ್ದಽ ರುಚಿ ಇರತೈತಿ" ಎಂದಳು.

ಇದೇ ನಾಟಕ ಎಷ್ಟು ವರ್ಷ ನಡೆಯಿತೋ. ನಾನು ತರುವುದು, ಅವಳು ಹಂಚುವುದು. ನಾನು ಎದುರಿಗೇ ಕುಳಿತು ಸುಲಿದುಕೊಟ್ಟರೆ, ಆಮೇಲೆ ತಿನ್ನುತ್ತೇನೆ ಎಂದು ಬಟ್ಟಲಲ್ಲಿ ಮುಚ್ಚಿಡುತ್ತಿದ್ದಳು. ಆ ಆಮೇಲೆ ಎಂಬುದು ಯಾವಾಗಲೂ ಬೇರೆ ಯಾರದೋ ಬಾಯಿಗೆ ಹೋಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತನ್ನು ಅಪ್ಪನಿಗೆ ಹೇಳಬಹುದು. ಅವ್ವ ಮನೆಗೂ ಉಪಕಾರಿಯೇ, ತನಗೆ ಮಾತ್ರ ಮಾರಿ. ಅಂಥವಳ ಜೊತೆ ಜಗಳಾಡಲು ಯಾವ ಗಾದೆಯೂ ಒದಗುವುದಿಲ್ಲ.

ಅಪ್ಪ ತೀರಿಕೊಂಡ. ವ್ಯಾಪಾರ ಅದಕ್ಕೂ ಮುಂಚೆಯೇ ನಿಂತಿತ್ತು. ದುಬೈಯವರಿಗೆ ಹಣ್ಣು ಕಳಿಸುವವರು ಈಗಲೂ ಇದ್ದಾರೆ, ನಮ್ಮವರಲ್ಲ ಅಷ್ಟೆ. ಅಣ್ಣ ಶೆಡ್ಡನ್ನು ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟ. ಅವ್ವ ನನ್ನ ಜೊತೆ ಕೆಲಗೇರಿಗೆ ಬಂದು ಇದ್ದಳು. ಸಂತೆಗೆ ಕರೆದುಕೊಂಡು ಹೋದರೆ ಅವಳ ಕೈ ಕಲೆ ಬಿದ್ದದ್ದನ್ನೇ ಎತ್ತಿ ಚೀಲಕ್ಕೆ ಹಾಕುತ್ತಿತ್ತು. ಮಾರುವವರಿಗೆ ಅವಳು ಬಂದರೆ ಹಬ್ಬ.

ಹೋದ ವರ್ಷ ಅವ್ವನಿಗೆ ಉಸಿರಾಟದ ತೊಂದರೆಯಾಗಿ ಧಾರವಾಡದ ಒಂದು ಆಸ್ಪತ್ರೆಗೆ ಸೇರಿಸಿದೆ. ಊಟ ಬಿಟ್ಟಳು. ಗಂಜಿ ತುಟಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. "ಒಂದಿಷ್ಟ ಹಣ್ಣ ಆದ್ರೂ ಹೋಗಲಿ ಹೊಟ್ಟಿಗೆ. ಸಂತ್ರಾ, ಮೋಸಂಬಿ ಏನರ ಕೊಟ್ಟ ನೋಡ್ರಿ" ಎಂದರು ಡಾಕ್ಟರು.

ಆಸ್ಪತ್ರೆಯ ಎದುರಿಗೇ ತಣ್ಣಗಿನ ದೊಡ್ಡ ಅಂಗಡಿ ಇತ್ತು. ನಮ್ಮ ಕಿತ್ತಳೆಯ ಕಾಲವಲ್ಲ ಅದು. "ಇವು ಇಂಪೋರ್ಟೆಡ್ ಅದಾವ್ರಿ ಮೇಡಂ, ಒಂದೂ ಕಲಿ ಇಲ್ಲ ನೋಡ್ರಿ" ಎಂದು ಅಂಗಡಿಯ ಹುಡುಗಿ ತೋರಿಸಿದಳು. ಒಂದೇ ಗಾತ್ರ, ಒಂದೇ ಬಣ್ಣ, ಪ್ರತಿಯೊಂದರ ಹೊಟ್ಟೆಗೂ ಸ್ಟಿಕರ್. ನನಗೆ ಒಳಗೊಳಗೇ ಒಂಥರಾ ಹಿಗ್ಗಾಯಿತು. ಇಷ್ಟು ವರ್ಷ ನಮ್ಮ ಮನೆಯಿಂದ ಹಡಗು ಹತ್ತಿದ ಒಂದನೇ ನಂಬರು, ಈಗ ಇನ್ನಾರದೋ ಮನೆಯಿಂದ ಹಡಗು ಹತ್ತಿ ನಮ್ಮ ಅವ್ವನನ್ನು ಹುಡುಕಿಕೊಂಡು ಬಂದಿದೆ. ಈಜಿಪ್ತಿನಲ್ಲಿ ಯಾವಳೋ ಒಬ್ಬಳು ಇದನ್ನು ಬಲಗಡೆಯ ಬುಟ್ಟಿಗೆ ಹಾಕಿ, ಕಲೆಯದನ್ನು ತನ್ನ ಮಕ್ಕಳಿಗೆ ಒಯ್ದಿರಬೇಕು ಎಂದು ಹೊಳೆಯದೆ ಇರಲಿಲ್ಲ. ಹೊಳೆದರೂ ಕೊಂಡೆ.

ಹಣ್ಣನ್ನು ಅವ್ವನ ಕೈಯಲ್ಲಿಟ್ಟೆ. ಕನ್ನಡಕ ಕೊಡು ಎಂದಳು. ಡಬ್ಬಿಯಿಂದ ತೆಗೆದು ಹಾಕಿದೆ. ಹಣ್ಣು ಅವಳ ಅಂಗೈಯಲ್ಲಿ ಒಂದು ಸುತ್ತು ಹೊರಳಿತು, ಹೆಬ್ಬೆರಳು ಅದರ ಮೈಯೆಲ್ಲ ನಿಧಾನವಾಗಿ ಸವರಿ ಬಂತು.

"ಒಂದನೇ ನಂಬರ್" ಎಂದಳು. ಎಷ್ಟೋ ದಿನಗಳ ಮೇಲೆ ಅವಳ ದನಿ ಸ್ಪಷ್ಟವಾಗಿ ಕೇಳಿತು. ಹೇಳಿ, ಹಣ್ಣನ್ನು ಬಲಗಡೆ ಇದ್ದ ಮೇಜಿನ ಮೇಲೆ ಜೋಪಾನವಾಗಿ ಇಟ್ಟುಬಿಟ್ಟಳು.

"ಇಡಬ್ಯಾಡ ಅವ್ವಾ, ತಿನ್ನು. ನಿನಗ ತಂದೇನಿ."

"ಇದ ನಮ್ಮದಲ್ಲ ತಂಗಿ. ಇದು ಹೋಗೂದೈತಿ."

"ಎಲ್ಲಿಗೂ ಹೋಗೂದಿಲ್ಲ. ಇದು ಅಲ್ಲಿಂದ ಇಲ್ಲಿಗೆ ಬಂದದ್ದು."

"ಚೀಟಿ ಹಚ್ಯಾರ ನೋಡು. ಮಂದೀದು ಇರತೈತಿ."

ಸ್ಟಿಕರ್ ಕಿತ್ತೆ. ಎಲ್ಲಿ ಎಸೆಯುವುದೆಂದು ತಿಳಿಯದೆ ಕೈಗೆ ಸಿಕ್ಕ ಕನ್ನಡಕದ ಡಬ್ಬಿಗೆ ಅಂಟಿಸಿದೆ. ಹಣ್ಣನ್ನು ಮತ್ತೆ ಕೊಟ್ಟೆ. ಅವ್ವ ಮತ್ತೆ ಹೊರಳಿಸಿ ನೋಡಿದಳು. "ಒಂದೂ ಕಲಿ ಇಲ್ಲಲ್ಲ ಯವ್ವಾ. ಇಂಥಾದ್ದು ಮನೀಗೆ ಹೆಂಗ ಬರತೈತಿ? ನಿಮ್ಮಪ್ಪ ಬೈತಾನ" ಎಂದು ಮತ್ತೆ ಬಲಕ್ಕಿಟ್ಟಳು.

ಆಗ ನನ್ನ ಬಾಯಿ ಕೈಮೀರಿತು. "ಅಪ್ಪ ಇಲ್ಲವ್ವಾ! ಲಾರಿ ಇಲ್ಲ, ಶೆಡ್ ಇಲ್ಲ, ದುಬೈ ಇಲ್ಲ! ಯಾರಿಗಿ ತಗದಿಡತಿ ಇನ್ನ?" ಎಂದು ಕೂಗಿದೆ. ಬಾಜೂ ಮಂಚದವರು ತಿರುಗಿ ನೋಡಿದರು. ಅವ್ವ ನನ್ನನ್ನು ನೋಡಿ ಹೆದರಿದ ಹಾಗೆ ಕಂಡಿತು. ಅಪ್ಪನ ಮೇಲೆ, ಆ ಮುಂಬೈ ಸಾವಕಾರನ ಮೇಲೆ, ನಾನು ಬೋರ್ಡಿನ ಮೇಲೆ ಬರೆದ ಎಲ್ಲ ಪಾಠಗಳ ಮೇಲೆ ಬಂದ ಸಿಟ್ಟು ಹೋಗಿ ಬಿದ್ದದ್ದು ಇವಳ ಮೇಲೆ.

ಹಣ್ಣು ತೆಗೆದುಕೊಂಡು ಹೊರಗೆ ವರಾಂಡಕ್ಕೆ ಹೋದೆ. ಕಿಟಕಿಯ ಹತ್ತಿರ ನಿಂತು ಹೆಬ್ಬೆರಳ ಉಗುರಿನಿಂದ ಅದರ ಸಿಪ್ಪೆಯನ್ನು ಗೀರಿದೆ. ಸಿಪ್ಪೆಯ ರಸ ಚಿಮ್ಮಿ ಕಣ್ಣಿಗೆ ಹೋಗಿ ಉರಿಯಿತು. ಗೀರು ಹೊಸದಾಗಿ ಕಾಣುತ್ತಿತ್ತು. ಕಿಟಕಿಯ ಸರಳಿನ ಧೂಳನ್ನು ಬೆರಳಿಗೆ ಹಚ್ಚಿಕೊಂಡು ಅದಕ್ಕೆ ತಿಕ್ಕಿದೆ. ಎಷ್ಟೋ ಹೆಂಗಸರು ಹಳೆಯ ಸೀರೆಯಿಂದ ಒರೆಸಿ ಒರೆಸಿ ಹೊಳೆಯಿಸಿ ಕಳಿಸಿದ್ದನ್ನು, ನಾನು ಅಳುತ್ತ ಹೊಲಸು ಮಾಡಿದೆ.

ಒಳಗೆ ಬಂದು, "ಅವ್ವಾ, ಅದನ್ನ ವಾಪಸ್ ಕೊಟ್ಟ ಬಂದೆ. ಇದು ಕಲಿ ಬಿದ್ದದ್ದು. ಮನೀಗೆ ಅಂತ ಕೊಟ್ಟಾರ" ಎಂದೆ.

ಅವ್ವನ ಹೆಬ್ಬೆರಳು ಹುಡುಕುತ್ತ ಹೋಗಿ ಆ ಗೀರಿನ ಮೇಲೆ ನಿಂತಿತು. ಅವಳ ಮುಖದಲ್ಲಿದ್ದ ಹೆದರಿಕೆ ಇಳಿಯಿತು. ಹಣ್ಣನ್ನು ಉಡಿಯಲ್ಲಿ ಹಾಕಿಕೊಂಡಳು. ಆಸ್ಪತ್ರೆಯ ಹಸಿರು ಅಂಗಿಗೆ ಉಡಿ ಎಲ್ಲಿಂದ ಬರಬೇಕು, ಆದರೂ ಹೊದಿಕೆಯನ್ನು ಎರಡೂ ಕೈಯಿಂದ ಮಡಿಚಿ ಉಡಿ ಮಾಡಿಕೊಂಡಳು.

"ಸುಲದ ಕೊಡು" ಎಂದಳು.

ಒಂದೊಂದೇ ತೊಳೆ ಬಿಡಿಸಿ ಬಾಯಿಗಿಟ್ಟೆ. ಇಡೀ ಹಣ್ಣು ತಿಂದಳು, ಯಾರಿಗೂ ತೆಗೆದಿಡಲಿಲ್ಲ.

"ಹೆಂಗೈತವ್ವಾ?" ಎಂದೆ.

"ನಾ ಹೇಳ್ತಿದ್ದಿಲ್ಲೇನ? ಕಲಿ ಬಿದ್ದದ್ದಽ ರುಚಿ ಇರತೈತಿ" ಎಂದಳು ಅವ್ವ.

"ಹೌದವ್ವಾ" ಎಂದೆ. ಸಿಪ್ಪೆಯನ್ನು ಕೂಡಿಸಿ, ಗೀರು ಬಿದ್ದ ತುಂಡು ಅವಳಿಗೆ ಕಾಣುವ ಹಾಗೆ ಮೇಲೆ ಇಟ್ಟೆ.